ಡೇವಿಸ್ ಕಪ್ ಟೆನಿಸ್ ನೋಡಲು ಬೆಳಗಾವಿಯಿಂದ ಬೆಂಗಳೂರಿಗೆ: ಹಿಂದೆ ಹೋಗಿ ಬಂದವರು ಅನುಭವ ತಿಳಿಸಿ

ಟಿಳಕವಾಡಿ ಬೇಸ್‌ಲೈನ್:
ಡೇವಿಸ್ ಕಪ್ ಎಂದರೆ ದೇಶಗಳ ತಂಡಗಳ ನಡುವಿನ ಟೆನಿಸ್ ಸ್ಪರ್ಧೆ, ಐದು ಪಂದ್ಯಗಳಲ್ಲಿ ಮೂರು ಗೆದ್ದವರಿಗೆ ಜಯ. ಅದರಲ್ಲಿ ಸ್ವಿಟ್ಜರ್ಲೆಂಡಿನ ಬೀಲ್ ಊರಿನಲ್ಲಿ ಆ ದೇಶದ ತಂಡವನ್ನು 3-1ರಿಂದ ಸೋಲಿಸಿದ ನಮ್ಮವರು 2026ರ ಫೆಬ್ರವರಿ 7 ಮತ್ತು 8ರಂದು ಬೆಂಗಳೂರಿನ ಕಬ್ಬನ್ ಪಾರ್ಕ್ ಕ್ರೀಡಾಂಗಣದಲ್ಲಿ ನೆದರ್ಲೆಂಡ್ಸ್ ವಿರುದ್ಧ ಆಡಲಿದ್ದಾರೆ. ಹದಿಮೂರು ವರ್ಷದ ಮಗನನ್ನು ಕರೆದುಕೊಂಡು ಹೋಗುವ ಆಸೆಯಿದೆ. ಎರಡೂ ದಿನ ಇರುವುದು ಒಳ್ಳೆಯದೋ, ರವಿವಾರ ಮಾತ್ರ ಸಾಕೋ, ಎಷ್ಟು ಖರ್ಚು ಬಂದೀತು, ಬಿಸಿಲಿಗೆ ಯಾವ ಕಡೆ ಕೂಡಬೇಕು ಎಂಬುದನ್ನು ತಿಳಿದವರು ಹೇಳಬೇಕಾಗಿ ವಿನಂತಿ.

ಜಮಖಂಡಿ ಮಾಸ್ತರ:
2014ರ ಸೆಪ್ಟೆಂಬರ್‌ನಲ್ಲಿ ಸರ್ಬಿಯಾ ತಂಡ ಇದೇ ಅಂಗಳಕ್ಕೆ ಬಂದಿದ್ದಾಗ ನಾನು ನನ್ನ ಸೋದರಳಿಯನೊಂದಿಗೆ ಹೋಗಿದ್ದೆ. ಅವರ ಹೆಸರಾಂತ ಆಟಗಾರ ಜೊಕೊವಿಚ್ ಬರಲಿಲ್ಲ, ಆ ನಿರಾಸೆಯನ್ನು ಹೋಗುವ ಮೊದಲೇ ನುಂಗಿಕೊಂಡಿದ್ದೆವು. ಇಬ್ಬರ ಬಸ್ ಛಾರ್ಜು ಹೋಗಿ ಬರಲು 2,300 ರೂಪಾಯಿ ಆಯಿತು. ಮೆಜೆಸ್ಟಿಕ್ ಹತ್ತಿರದ ಒಂದು ಲಾಡ್ಜಿನಲ್ಲಿ ದಿನಕ್ಕೆ 900 ಎಂದು ಹೇಳಿದ್ದರು, ಆದರೆ ನಾವು ಬೆಳಿಗ್ಗೆ ಆರಕ್ಕೆ ಕೋಣೆ ಹಿಡಿದಿದ್ದರಿಂದ ರವಿವಾರ ಬೆಳಿಗ್ಗೆ ಆರಕ್ಕೇ ಲೆಕ್ಕ ಮುಗಿಯಿತೆಂದು, ಚೀಲ ಇಟ್ಟುಕೊಳ್ಳಲು ಇನ್ನೂ 450 ಕಿತ್ತುಕೊಂಡರು. ಆಗ ಕಬ್ಬನ್ ಪಾರ್ಕಿಗೆ ಮೆಟ್ರೊ ಇರಲಿಲ್ಲ. ಆಟೊದವರು ಮೀಟರ್ ಹಾಕದೆ ಒಂದು ಸಲಕ್ಕೆ 120 ಕೇಳುತ್ತಿದ್ದರು. ಸೋದರಳಿಯನಿಗೆ ಜೋಳದ ರೊಟ್ಟಿಯಿಲ್ಲದೆ ಊಟ ಇಳಿಯುವುದಿಲ್ಲವೆಂದು ಖಾನಾವಳಿ ಹುಡುಕಿಕೊಂಡು ಹೋದ ಆಟೊ ಖರ್ಚು ಬೇರೆ.

ಇನ್ನು ಆಟ. ಶುಕ್ರವಾರ ಎರಡೂ ಸಿಂಗಲ್ಸ್ ಸೋತೆವು. ಶನಿವಾರ ಡಬಲ್ಸ್‌ನಲ್ಲಿ ನಮ್ಮ ಲಿಯಾಂಡರ್ ಪೇಸ್ ಮತ್ತು ರೋಹನ್ ಬೋಪಣ್ಣ ಮೊದಲೆರಡು ಸೆಟ್ ಕಳೆದುಕೊಂಡ ಮೇಲೆ ಎದ್ದು ನಿಂತು ಸರ್ಬಿಯಾದ ಜಿಮೊನಿಚ್, ಬೊಜೊಲಾಚ್ ಜೋಡಿಯನ್ನು ಐದನೆಯ ಸೆಟ್ಟಿನಲ್ಲಿ 8-6ರಿಂದ ಮಣಿಸಿದರು. ರವಿವಾರ ಸೋಮ್‌ದೇವ್ ದೇವವರ್ಮನ್ ಲಾಯೊವಿಚ್‌ನನ್ನು ಮತ್ತೆ ಐದು ಸೆಟ್ಟುಗಳಲ್ಲಿ ಸೋಲಿಸಿ 2-2 ಮಾಡಿದಾಗ ಇಡೀ ಕ್ರೀಡಾಂಗಣ ಎದ್ದು ನಿಂತಿತು. ಯೂಕಿ ಭಾಂಬ್ರಿಯ ನಿರ್ಣಾಯಕ ಪಂದ್ಯ ನಡೆಯುತ್ತಿರುವಾಗಲೇ ಮಳೆ ಬಂದು, ಉಳಿದ ಆಟವನ್ನು ಸೋಮವಾರಕ್ಕೆ ಮುಂದೂಡಿದರು. ಸೋಮವಾರ ನನಗೆ ಶಾಲೆ ಇತ್ತು, ರಾತ್ರಿಯ ಬಸ್ಸಿಗೆ ಹಣ ಕಟ್ಟಿಯಾಗಿತ್ತು. ಹೊರಟು ಬಂದೆ, ಇಂದಿಗೂ ಅದನ್ನು ಸರಿಯೆಂದೇ ಹೇಳುತ್ತೇನೆ. ಯೂಕಿ ಕ್ರಾಯಿನೊವಿಚ್‌ಗೆ ಸೋತು, ಭಾರತ 2-3ರಿಂದ ಸೋತ ಸುದ್ದಿ ನನಗೆ ಮುಟ್ಟಿದ್ದು ಶಿಕ್ಷಕರ ಕೋಣೆಯಲ್ಲಿ.

ಹೆದ್ದಾರಿ ನಾಲ್ಕು:
ಬೆಂಗಳೂರಿನ ಗೊಡವೆಯೇ ಬೇಡ. ಬೆಳಗಾವಿಯವರಿಗೆ ಪುಣೆ ಹತ್ತಿರ. 2017ರ ಫೆಬ್ರವರಿಯಲ್ಲಿ ನ್ಯೂಜಿಲೆಂಡ್ ಜೊತೆಗಿನ ಪಂದ್ಯಕ್ಕೆ ನಾವು ನಾಲ್ವರು ಕಾರಿನಲ್ಲಿ ಪುಣೆಯ ಬಾಲೇವಾಡಿಗೆ ಹೋಗಿದ್ದೆವು. ಕ್ರೀಡಾಂಗಣ ಹೆದ್ದಾರಿಗೆ ಹತ್ತಿಕೊಂಡಿರುವುದರಿಂದ ಊರೊಳಗೆ ನುಗ್ಗುವ ಕಷ್ಟವಿಲ್ಲ. ಆದರೂ ಡೀಸೆಲ್, ಟೋಲ್ ಸೇರಿ 5,000 ದಾಟಿತು, ಸಾತಾರಾ ಸಮೀಪ ಟಯರ್ ಪಂಕ್ಚರ್ ಆಗಿ, ಸ್ಟೆಪ್ನಿಯಲ್ಲಿ ಗಾಳಿಯಿಲ್ಲದೆ ಎರಡು ತಾಸು ರಸ್ತೆಯ ಬದಿಯಲ್ಲಿ ನಿಂತೆವು. ಆ ಟಯರ್ ಕೊನೆಗೆ ಬದಲಿಸಲೇಬೇಕಾಯಿತು, ಅದಕ್ಕೆ 4,200. ಭಾರತ 4-1ರಿಂದ ಗೆದ್ದಿತು ನಿಜ, ಆದರೆ ನಾವು ಹೋದದ್ದು ಪೇಸ್ ಡೇವಿಸ್ ಕಪ್ ಡಬಲ್ಸ್‌ನಲ್ಲಿ 43ನೆಯ ಗೆಲುವು ಪಡೆದು ವಿಶ್ವದಾಖಲೆ ಮಾಡುವುದನ್ನು ನೋಡಲು. ಅವರು ವಿಷ್ಣು ವರ್ಧನ್ ಜೊತೆ ಆಡಿದ ಆ ಒಂದು ಪಂದ್ಯವೇ ಸೋಲಬೇಕೇ! ಮುಂದೆ ಎರಡು ತಿಂಗಳಿಗೆ ಬೆಂಗಳೂರಿನಲ್ಲಿ ಅವರನ್ನು ಆಡಿಸದೆ ಕೂಡಿಸಿದ ನಾಯಕನಿಗೆ ನನ್ನ ದೊಡ್ಡ ನಮಸ್ಕಾರ.

ಗುಮ್ಮಟದ ನೆರಳು:
ಹೆದ್ದಾರಿಯವರೇ, ಆ ಬೆಂಗಳೂರಿನ ಪಂದ್ಯಕ್ಕೆ ವಿಜಯಪುರದಿಂದ ಹೋಗಿದ್ದವನು ನಾನು. ಎದುರಾಳಿ ಉಜ್ಬೇಕಿಸ್ತಾನ, 2017ರ ಏಪ್ರಿಲ್, ಆಟವಾಡದ ನಾಯಕ ಮಹೇಶ್ ಭೂಪತಿ. ಅವರು ಪೇಸ್ ಬದಲು ಶ್ರೀರಾಮ್ ಬಾಲಾಜಿಯನ್ನು ಬೋಪಣ್ಣನ ಜೊತೆಗೆ ಇಳಿಸಿದರು. ಆ ಜೋಡಿ ನೇರ ಸೆಟ್ಟುಗಳಲ್ಲಿ ಗೆದ್ದು ಶನಿವಾರವೇ 3-0 ಮಾಡಿತು. ಗೆದ್ದ ತಂಡವನ್ನು ಆರಿಸಿದವರನ್ನು ಹಂಗಿಸುವುದರಲ್ಲಿ ಏನು ಅರ್ಥವಿದೆ? ಮೊದಲ ದಿನ ರಾಮ್‌ಕುಮಾರ್ ಮತ್ತು ಪ್ರಜ್ಞೇಶ್ ಗುಣೇಶ್ವರನ್ ಆಡಿದ ರೀತಿಯನ್ನು ನಾನು ಕಣ್ಣಾರೆ ಕಂಡಿದ್ದೇನೆ, ಅದಕ್ಕಾಗಿ ಹೋದದ್ದು ಸಾರ್ಥಕ.

ಖರ್ಚಿನಲ್ಲಿ ನನ್ನನ್ನು ಸುಟ್ಟದ್ದು ರವಿವಾರ ಒಂದೇ. ಫಲಿತಾಂಶ ಗೊತ್ತಾದ ಮೇಲೆ ಉಳಿದ ಲೆಕ್ಕಕ್ಕಿಲ್ಲದ ಎರಡು ಆಟಗಳಿಗಾಗಿ ಇನ್ನೊಂದು ರಾತ್ರಿಯ ಕೋಣೆಗೆ 1,350, ಊಟಕ್ಕೆ 400, ಟೊಪ್ಪಿಗೆ ಮರೆತಿದ್ದರಿಂದ ಹೊರಗೆ ಕೊಂಡ ಕಳಪೆ ಟೊಪ್ಪಿಗೆಗೆ 250. ಆ ಟೊಪ್ಪಿಗೆಯ ಬಣ್ಣ ಬೆವರಿಗೆ ಬಿಟ್ಟು ಅಂಗಿಯೂ ಕೆಟ್ಟಿತು.

ಹೆದ್ದಾರಿ ನಾಲ್ಕು:
ಮರು ವರ್ಷ ಚೀನಾದ ತಿಯಾಂಜಿನ್‌ನಲ್ಲಿ ಭಾರತ 0-2ರಿಂದ ಹಿಂದಿದ್ದಾಗ ಬೋಪಣ್ಣನ ಜೊತೆ ಡಬಲ್ಸ್ ಗೆದ್ದು ತಂಡವನ್ನು ಬದುಕಿಸಿದವರು ಯಾರು? ಆ ಪೇಸ್ ಅವರೇ. ಅಲ್ಲಿಂದ 3-2ರ ಗೆಲುವು ಬಂತು, 43ನೆಯ ಗೆಲುವಿನ ದಾಖಲೆಯೂ ಬಂತು. ಅಂಥವರನ್ನು ಬೆಂಚಿನ ಮೇಲೆ ಕೂಡಿಸಿದ್ದನ್ನು ನೀವು ಟೊಪ್ಪಿಗೆಯ ಲೆಕ್ಕದಲ್ಲಿ ಮುಚ್ಚಬೇಡಿ.

ಗುಮ್ಮಟದ ನೆರಳು:
ಪುಣೆಯಲ್ಲಿ ಅದೇ ಪೇಸ್ ಸೋತದ್ದನ್ನು ನೀವೇ ಈಗಷ್ಟೆ ಬರೆದಿದ್ದೀರಿ. ಸ್ಟೆಪ್ನಿಗೆ ಗಾಳಿ ತುಂಬಿಸದೆ ಮನೆ ಬಿಟ್ಟವರಿಂದ ತಂಡದ ಆಯ್ಕೆಯ ಪಾಠ ಕೇಳುವ ಅಗತ್ಯ ನನಗಿಲ್ಲ.

ನವನಗರದ ತಾಯಿ:
ಗಂಡಸರ ಜಗಳದ ನಡುವೆ ಒಂದು ಮಾತು. ನನ್ನ ಮಗನೂ ಬಾಗಲಕೋಟೆಯಲ್ಲಿ ಆಡುತ್ತಾನೆ. ನಾವು ಎಲ್ಲಿಗೂ ಹೋಗುವುದಿಲ್ಲ ಎಂದು ನಿರ್ಧರಿಸಿದವರು. ರ್‍ಯಾಕೆಟ್ಟಿನ ಗಟ್ಟಿಂಗ್‌ಗೆ (ತಂತಿ ಹೆಣೆಸುವುದಕ್ಕೆ) ಒಂದು ಸಲಕ್ಕೆ 800 ರೂಪಾಯಿ, ಅದೂ ಇಲ್ಲಿ ಮಾಡುವವರಿಲ್ಲದೆ ಹುಬ್ಬಳ್ಳಿಗೆ ಕಳಿಸಬೇಕು. ಒಮ್ಮೆ ಕಳಿಸಿದ ರ್‍ಯಾಕೆಟ್ ಫ್ರೇಮ್ ಸೀಳಿ ಬಂತು, ಅಂಗಡಿಯವರು ಮೊದಲೇ ಸೀಳಿತ್ತು ಎಂದರು, 9,000 ರೂಪಾಯಿ ನೀರಿಗೆ ಹೋಯಿತು. ಮೂರು ಚೆಂಡುಗಳ ಡಬ್ಬಿ ವಾರ ಬಾಳುವುದಿಲ್ಲ. ಒಂದು ಬೆಂಗಳೂರು ಪ್ರಯಾಣದ ಹಣದಲ್ಲಿ ನನ್ನ ಮಗನ ಅರ್ಧ ವರ್ಷದ ಗಟ್ಟಿಂಗ್ ಮುಗಿಯುತ್ತದೆ. ಬೀಲ್ ಪಂದ್ಯವನ್ನು ಮೊಬೈಲಿನಲ್ಲಿಯೇ ಹಿಂಬಾಲಿಸಿದೆವು. ಮೊದಲ ಬಾರಿಗೆ ದೇಶಕ್ಕಾಗಿ ಆಡಿದ ದಕ್ಷಿಣೇಶ್ವರ ಸುರೇಶ್ ತನಗಿಂತ ಬಹಳ ಮೇಲಿನ ರ್‍ಯಾಂಕಿನ ಜೆರೋಮ್ ಕಿಮ್‌ನನ್ನು ನೇರ ಸೆಟ್ಟುಗಳಲ್ಲಿ ಸೋಲಿಸಿದ, ಸುಮಿತ್ ನಗಾಲ್ ಎರಡೂ ಸಿಂಗಲ್ಸ್ ಗೆದ್ದ. 1993ರಲ್ಲಿ ಫ್ರಾನ್ಸನ್ನು ಫ್ರೆಜಸ್‌ನಲ್ಲಿ ಸೋಲಿಸಿದ ಮೇಲೆ ಯುರೋಪಿನ ನೆಲದಲ್ಲಿ ಯುರೋಪಿನ ತಂಡದ ಮೇಲೆ ಬಂದ ಗೆಲುವು ಅದು. ಮನೆಯಲ್ಲಿ ಕೂತು ನೋಡಿದ್ದರಿಂದ ಸಂತೋಷ ಕಡಿಮೆಯಾಗಲಿಲ್ಲ.

ಜಮಖಂಡಿ ಮಾಸ್ತರ:
ತಾಯಿಯವರೇ, ಮೊಬೈಲಿನಲ್ಲಿ ಚೆಂಡು ಕಾಣುತ್ತದೆ, ಸರ್ವ್ ಮಾಡುವ ಮುಂಚೆ ನಾಯಕ ಕುರ್ಚಿಯಿಂದ ಬಾಗಿ ಆಟಗಾರನಿಗೆ ಏನೋ ಹೇಳುವುದು ಕಾಣುವುದಿಲ್ಲ. ತಂಡಗಳಿಲ್ಲದ ಮಾಮೂಲಿ ಟೂರ್ನಿಗಳಲ್ಲಿ ಅಂಗಳದಲ್ಲಿ ನಾಯಕನ ಕುರ್ಚಿಯೇ ಇರುವುದಿಲ್ಲ. ಆದರೆ ಈಗಿನ ಎರಡು ದಿನದ, ಮೂರು ಸೆಟ್ಟಿನ ಆಟವನ್ನು ನಾನು ಡೇವಿಸ್ ಕಪ್ ಎಂದು ಒಪ್ಪುವುದಿಲ್ಲ. 1900ರಲ್ಲಿ ಬಾಸ್ಟನ್ನಿನಲ್ಲಿ ಶುರುವಾದ ಸ್ಪರ್ಧೆಯನ್ನು 2019ರಿಂದ ಪೂರಾ ಕತ್ತರಿಸಿಬಿಟ್ಟರು. ಐದು ಸೆಟ್ ಇರದಿದ್ದರೆ ಆ ಶನಿವಾರ ಪೇಸ್, ಬೋಪಣ್ಣ ಎರಡು ಸೆಟ್ಟಿಗೇ ಸೋತು ಮನೆಗೆ ಹೋಗುತ್ತಿದ್ದರು.

ಗುಮ್ಮಟದ ನೆರಳು:
ಎರಡು ದಿನದ ಪದ್ಧತಿಯಿಂದ ನಮ್ಮಂತಹ ದೂರದವರಿಗೆ ಲಾಭವೇ ಇದೆ ಮಾಸ್ತರೇ. ಶನಿವಾರ ಎರಡು ಸಿಂಗಲ್ಸ್ ಮಾತ್ರ ಇರುವುದರಿಂದ ಅಂದು ಯಾರೂ ಮೂರು ಗೆಲುವು ಮುಟ್ಟಲಾರರು. ಹೀಗಾಗಿ ರವಿವಾರದ ಡಬಲ್ಸ್ ಎಂದೂ ಲೆಕ್ಕಕ್ಕಿಲ್ಲದ ಆಟವಾಗುವುದಿಲ್ಲ. ನನ್ನ 1,350 ರೂಪಾಯಿ ಈ ಪದ್ಧತಿಯಲ್ಲಿ ಉಳಿಯುತ್ತಿತ್ತು.

ಟಿಳಕವಾಡಿ ಬೇಸ್‌ಲೈನ್:
ಎಲ್ಲರಿಗೂ ಧನ್ಯವಾದ. ರವಿವಾರ ಇರಲೇಬೇಕೆಂಬುದು ಗೊತ್ತಾಯಿತು. ಯಾವ ಕಡೆ ಕೂಡಬೇಕೆಂದು ಯಾರೂ ಹೇಳಲಿಲ್ಲ.

ಜಮಖಂಡಿ ಮಾಸ್ತರ:
ಪಶ್ಚಿಮದ ಕಡೆ ಕೂತರೆ ಮಧ್ಯಾಹ್ನದ ಮೇಲೆ ಸೂರ್ಯ ಬೆನ್ನಿಗಿರುತ್ತಾನೆ. ರೈಲಿನಲ್ಲಿ ಹೋದರೆ ನಮ್ಮ ಸಂಗೊಳ್ಳಿ ರಾಯಣ್ಣನ ಹೆಸರಿನ ನಿಲ್ದಾಣದಲ್ಲಿ ಇಳಿದು, ಅಲ್ಲಿಂದಲೇ ನೇರಳೆ ಮಾರ್ಗದ ಮೆಟ್ರೊ ಹಿಡಿದು ಕಬ್ಬನ್ ಪಾರ್ಕಿನಲ್ಲಿ ಇಳಿಯಿರಿ. ಸೋಮವಾರ ಹುಡುಗನ ಶಾಲೆಗೆ ರಜಾ ಅರ್ಜಿ ಮೊದಲೇ ಕೊಟ್ಟಿರಿ.

ಹೆದ್ದಾರಿ ನಾಲ್ಕು:
ಮೂರು ಸೆಟ್ಟಿನ ಆಟಕ್ಕೆ ಸೋಮವಾರದ ರಜೆ ಏಕೆ ಮಾಸ್ತರೇ? ಮತ್ತೆ, ಆ ಸ್ಟೆಪ್ನಿ ನನ್ನದಲ್ಲ, ಕಾರು ನನ್ನ ಭಾವನದು.