ವೀರಗಲ್ಲು ಸಮೀಕ್ಷೆಗೊಂದು ವೆಬ್‌ಸೈಟ್: ಎಲ್ಲಿಂದ ಶುರು ಮಾಡೋದು?

ಸೊರಬದ_ಹುಡುಗಿ
ನಮಸ್ಕಾರ. ಸೊರಬ, ಸಾಗರದ ಕಡೆ ವೀರಗಲ್ಲು, ಮಾಸ್ತಿಕಲ್ಲು (ಸತಿ ಹೋದವರ ನೆನಪಿನ ಕಲ್ಲು) ಸಮೀಕ್ಷೆ ಮಾಡ್ತಿದೀವಿ, ಆರು ಜನ. ಫೋಟೋ ವಾಟ್ಸಾಪ್ ಗ್ರೂಪಲ್ಲಿ, ಪಾಠ, ಅಂದ್ರೆ ಕಲ್ಲಿನ ಮೇಲಿನ ಬರಹ ಓದಿ ಬರ್ಕೊಂಡಿದ್ದು, ಅವರವರ ಲ್ಯಾಪ್‌ಟಾಪಲ್ಲಿ. ಒಂದೇ ಕಲ್ಲಿಗೆ ಮೂರು ಪಾಠ ಓಡಾಡ್ತಿವೆ, ಕೊನೇದು ಯಾವುದೋ ತಿಳೀತಿಲ್ಲ. ಗೈಡ್ "ಒಂದು ಸೈಟ್ ಮಾಡಿಬಿಡಿ" ಅಂದ್ರು. ಗೂಗಲ್ ಸೈಟ್ಸಲ್ಲಿ ಬ್ಯಾನರು, ತಂಡದ ಫೋಟೋ ಹಾಕಿದೀನಿ. ಮುಂದೆ ತೋಚ್ತಿಲ್ಲ.

ಹಳೇಪಾಠ
ಬ್ಯಾನರು ಹಾಗಿರಲಿ. ಮೊದಲು ಕಲ್ಲಿಗೊಂದು ನಂಬರು, ನಂಬರಿಗೊಂದೇ ಪುಟ. ಬಿ.ಎಲ್. ರೈಸ್ ಅವರು ತಮ್ಮ ಶಾಸನ ಸಂಪುಟಗಳಾದ ಎಪಿಗ್ರಾಫಿಯಾ ಕರ್ನಾಟಿಕಾದಲ್ಲಿ ಮಾಡಿದ್ದೂ ಇಷ್ಟೇ: ತಾಲ್ಲೂಕು, ಅದರ ಮುಂದೆ ಅಂಕಿ. ನಿಮ್ಮ ಸೊರಬ, ಸಾಗರ ಎರಡೂ 1904ರ ಎಂಟನೇ ಸಂಪುಟದಲ್ಲಿವೆ. ಅಲ್ಲಿರೋ ಕಲ್ಲಿಗೆ ಅದೇ ನಂಬರು ಇಟ್ಕೊಳ್ಳಿ, ಹೊಸದಾಗಿ ಸಿಕ್ಕಿದ್ದಕ್ಕೆ ನಿಮ್ಮದೇ ಸರಣಿ. ಪುಟದ ವಿಳಾಸದಲ್ಲೂ ನಂಬರೇ ಇರಲಿ. ಜಾಗದ ಹೆಸರು ಹಾಕಿದ್ರೆ ಕಲ್ಲನ್ನ ಮ್ಯೂಸಿಯಂಗೆ ಸಾಗಿಸಿದ ದಿನ ವಿಳಾಸ ಸುಳ್ಳಾಗುತ್ತೆ.

ಪುಟದಲ್ಲಿ ಫೋಟೋ, ಅದರ ಪಕ್ಕದಲ್ಲೇ ಸಾಲುಸಾಲಾಗಿ ಪಾಠ. ಕಲ್ಲು ನೋಡೋಕೊಮ್ಮೆ ಮೇಲೆ, ಅಕ್ಷರ ನೋಡೋಕೊಮ್ಮೆ ಕೆಳಗೆ ಎಳೀತಾ ಕೂತ್ರೆ ಯಾರೂ ತಿದ್ದಲ್ಲ. ಒಡೆದ ಜಾಗಕ್ಕೆ ಯಾವ ಚಿಹ್ನೆ, ಊಹಿಸಿ ತುಂಬಿದ ಅಕ್ಷರಕ್ಕೆ ಯಾವುದು ಅಂತ ಆರೂ ಜನ ಕೂತು ಒಪ್ಕೊಳ್ಳಿ. ಯಾರು ಓದಿದ್ದು, ಯಾವತ್ತು ತಿದ್ದಿದ್ದು ಕೆಳಗೆ ಬರೀರಿ. ಹಳೇ ಪಾಠ ಅಳಿಸ್ಬೇಡಿ.

ನುಡಿ ತಂತ್ರಾಂಶದ ಹಳೇ ಫಾಂಟಲ್ಲಿ ಹೊಡೆದಿದ್ರೆ ಯೂನಿಕೋಡಿಗೆ ತಿರುಗಿಸಿ, ಇಲ್ಲಾಂದ್ರೆ ಹುಡುಕಿದ್ರೆ ಏನೂ ಸಿಗಲ್ಲ. ಹಳಗನ್ನಡದ ಱ, ೞ ಅಕ್ಷರಗಳೂ ಯೂನಿಕೋಡಲ್ಲಿವೆ. ದನ ಅನ್ನೋದಕ್ಕೆ ಒಬ್ಬರು "ತುಱು", ಇನ್ನೊಬ್ಬರು "ತುರು" ಅಂತ ಹೊಡೆದ್ರೆ ದನ ಕಾಯೋಕೆ ಹೋಗಿ ಸತ್ತ ವೀರರಲ್ಲಿ ಅರ್ಧ ಜನ ಹುಡುಕಾಟದಲ್ಲೇ ಕಾಣೆ!

ಮಲೆನಾಡ_ಕೋಡರ್
ಜಿಪಿಎಸ್ ಅಂಕಿ ಮಾತ್ರ ಲಾಗಿನ್ ಒಳಗೇ ಇರಲಿ. ನಿಧಿ ಆಸೆಗೆ ಕಲ್ಲು ಕಿತ್ತು ಅಗೆಯೋರು ನಮ್ಮ ಕಡೆ ಕಮ್ಮಿ ಇಲ್ಲ. ಮೊಬೈಲ್ ಫೋಟೋ ಫೈಲಿನ ಒಳಗೂ ಜಾಗದ ಮಾಹಿತಿ ಕೂತಿರುತ್ತೆ, ತೆಗೆದು ಹಾಕಿ. ಪುಟಕ್ಕೆ ಚಿಕ್ಕ ಫೋಟೋ ಸಾಕು, ಮೂಲ ಫೋಟೋ ಡ್ರೈವಲ್ಲಿರಲಿ. ಹಳ್ಳಿ ನೆಟ್‌ವರ್ಕಲ್ಲಿ ಭಾರದ ಪುಟ ತೆರ್ಕೊಳ್ಳಲ್ಲ. ಕೆಲಸ ಮುಗಿದ ಮೇಲೆ ಝೆನೋಡೋ ಅನ್ನೋ ಸಂಶೋಧನಾ ದಾಖಲೆಗಳ ಆನ್‌ಲೈನ್ ಭಂಡಾರಕ್ಕೆ ಹಾಕಿ. ಯುರೋಪಿನ ಭೌತವಿಜ್ಞಾನ ಸಂಸ್ಥೆ ಸರ್ನ್ ನಡೆಸೋದು, ದುಡ್ಡಿಲ್ಲ, ಒಂದು ದಾಖಲೆಗೆ 50 ಜಿಬಿವರೆಗೆ ಜಾಗ, ಉಲ್ಲೇಖಿಸೋಕೆ ಡಿಒಐ (ಬದಲಾಗದ ಗುರುತಿನ ಸಂಖ್ಯೆ) ಕೂಡ ಸಿಗುತ್ತೆ.

ಸೊರಬದ_ಹುಡುಗಿ
ಥ್ಯಾಂಕ್ಸ್ ಸರ್. ರೈಸ್ ಕಾಲದ ತಾಲ್ಲೂಕು ಈಗ ಬದಲಾಗಿರೋ ಊರಿದ್ರೆ?

ಹಳೇಪಾಠ
ನಂಬರು ರೈಸ್‌ದೇ, ಈಗಿನ ತಾಲ್ಲೂಕಿಗೆ ಬೇರೆ ಕಾಲಂ. ಮೊದಲು ಈ ನಂಬರು, ತಾಲ್ಲೂಕುಗಳ ಶೀಟು ಮಾಡಿ ಇಲ್ಲಿ ಹಾಕಮ್ಮ, ನೋಡೋಣ.