ಒಂದು ಬೈಬಲ್‌ನಲ್ಲಿ 66 ಪುಸ್ತಕ, ಇನ್ನೊಂದರಲ್ಲಿ 73. ಯಾಕೆ?

ಎರಡು_ಬೈಬಲ್:
ನನ್ನ ಮೇಜಿನ ಮೇಲೆ ಎರಡು ಬೈಬಲ್ ಇವೆ. ಪ್ರಾಟೆಸ್ಟೆಂಟರದ್ದರಲ್ಲಿ 66 ಪುಸ್ತಕ, ಕ್ಯಾಥೊಲಿಕರದ್ದರಲ್ಲಿ 73. ತೋಬಿತ, ಯೂದಿತ ಅನ್ನುವ ಹೆಸರುಗಳೇ ಮೊದಲನೆಯದರಲ್ಲಿಲ್ಲ. 325ರಲ್ಲಿ ನೈಸಿಯಾದಲ್ಲಿ ಬಿಷಪ್‌ಗಳು ವೋಟು ಹಾಕಿ ಪುಸ್ತಕ ಆರಿಸಿದರು ಅಂತ ಒಂದು ವಿಡಿಯೋದಲ್ಲಿ ಕೇಳಿದೆ. ಹಾಗಿದ್ದರೆ ಲೆಕ್ಕ ಒಂದೇ ಇರಬೇಕಿತ್ತು ಅಲ್ವಾ?

ಓಲೆಗರಿ:
ಆ ವೋಟಿನ ಕಥೆ ಸುಮ್ನೆ ಬಿಟ್ಟುಬಿಡಿ. ನೈಸಿಯಾ ಸಭೆಯ 20 ನಿಯಮಗಳಲ್ಲಿ ಪುಸ್ತಕಗಳ ಪಟ್ಟಿಯೇ ಇಲ್ಲ. ಹೊಸ ಒಡಂಬಡಿಕೆಯ ಇವತ್ತಿನ 27 ಪುಸ್ತಕಗಳ ಪಟ್ಟಿ ಸಿಗುವುದು 367ರಲ್ಲಿ, ಅಲೆಕ್ಸಾಂಡ್ರಿಯಾದ ಬಿಷಪ್ ಅಥನೇಷಿಯಸ್ ಬರೆದ ಈಸ್ಟರ್ ಪತ್ರದಲ್ಲಿ. ಅಷ್ಟರಲ್ಲಿ ಸುವಾರ್ತೆಗಳನ್ನೂ ಪೌಲನ ಪತ್ರಗಳನ್ನೂ ಆರಾಧನೆಯಲ್ಲಿ ಓದುವುದು ಎಷ್ಟೋ ತಲೆಮಾರಿನ ರೂಢಿಯಾಗಿತ್ತು. ಓದು ಮೊದಲು, ಪಟ್ಟಿ ಆಮೇಲೆ. ಜಗಳ ಜಾಸ್ತಿ ಆಗಿದ್ದು ಅಂಚಿನ ಪುಸ್ತಕಗಳ ಮೇಲೆ.

ಸೈನಾಯ್ ಬೆಟ್ಟದ ಮಠದಲ್ಲಿದ್ದ 4ನೇ ಶತಮಾನದ ಕೈಬರಹದ ಬೈಬಲ್ ಈಗ ಇಂಟರ್ನೆಟ್‌ನಲ್ಲಿದೆ. ಅದರ ಕೊನೆಯ ಹಾಳೆಗಳನ್ನು ಎಷ್ಟು ಸಲ ನೋಡಿದ್ದೇನೋ. ಪ್ರಕಟಣೆ ಗ್ರಂಥ ಮುಗಿಯುತ್ತದೆ. ನಮ್ಮ ಕೈಲಿರುವ ಬೈಬಲ್ ಆಗಿದ್ದರೆ ಅಲ್ಲಿಗೆ ರಟ್ಟು. ಇಲ್ಲಿ ಬಾರ್ನಬನ ಪತ್ರ ಶುರುವಾಗುತ್ತದೆ, ಆಮೇಲೆ ಹರ್ಮಸನ 'ಕುರುಬ'. ಅದೇ ಚರ್ಮದ ಹಾಳೆ, ಪುಟಕ್ಕೆ ಅದೇ ನಾಲ್ಕು ಕಾಲಂ. ಇದು ಬೇರೆ, ಹೊರಗಿನದು ಅನ್ನುವ ಒಂದು ಗೆರೆಯೂ ಇಲ್ಲ.

ಕ್ಯಾಥೊಲಿಕರದ್ದರಲ್ಲಿ ಹೆಚ್ಚಿಗೆ ಇರುವ ನಿಮ್ಮ ಆ ಏಳು ಪುಸ್ತಕಗಳು ಗ್ರೀಕ್ ಬೈಬಲ್‌ನಲ್ಲಿದ್ದವು, ಹೀಬ್ರೂ ಬೈಬಲ್‌ನಲ್ಲಿರಲಿಲ್ಲ. ಪ್ರಾಟೆಸ್ಟೆಂಟ್ ಸುಧಾರಕ ಲೂಥರ್ ತನ್ನ 1534ರ ಬೈಬಲ್‌ನಲ್ಲಿ ಅವನ್ನು ಬೇರೆ ಇಟ್ಟ. ಕ್ಯಾಥೊಲಿಕರ ಟ್ರೆಂಟ್ ಸಭೆ 1546ರಲ್ಲಿ ಅವೂ ಗ್ರಂಥವೇ ಅಂತ ಮುದ್ರೆ ಒತ್ತಿತು.

ಕುತೂಹಲಿ:
ಯೆಹೂದ್ಯರ ವಾದ ಇನ್ನೂ ಮಜಾ. ಪವಿತ್ರ ಗ್ರಂಥ ಮುಟ್ಟಿದರೆ ಕೈ ಮೈಲಿಗೆ ಅನ್ನುವುದು ಅವರ ಹಳೆಯ ಧರ್ಮನಿಯಮಗಳ ಸಂಗ್ರಹವಾದ ಮಿಶ್ನಾದ ನಿಯಮ. ಹೌದು, ಉಲ್ಟಾನೇ! ಹಾಗಾಗಿ 'ಪರಮಗೀತೆ ಕೈಯನ್ನು ಮೈಲಿಗೆ ಮಾಡುತ್ತದಾ?', ಅಂದರೆ ಅದೂ ಪವಿತ್ರ ಗ್ರಂಥವಾ, ಅಂತ ಗುರುಗಳು ಚರ್ಚೆ ಮಾಡಿದರು. ಅದು ಪ್ರೇಮಗೀತೆಯಲ್ಲವೇ! ಉಳಿದವೆಲ್ಲ ಪವಿತ್ರ, ಇದು ಪವಿತ್ರಕ್ಕಿಂತ ಪವಿತ್ರ ಅಂತ ರಬ್ಬಿ ಅಕಿವಾ ಅದರ ಪರ ನಿಂತರು.

ಪುಟ1430:
ಎಲ್ಲಾ ಕಡೆ ಓದು ಮೊದಲು, ಪಟ್ಟಿ ಆಮೇಲೆ ಅಂತ ಹೇಳಕ್ಕಾಗಲ್ಲ. ಸಿಖ್ಖರಲ್ಲಿ ಗುರು ಅರ್ಜನ್ ಅವರೇ ಕೂತು 1604ರಲ್ಲಿ ತಮ್ಮ ಪವಿತ್ರ ಗ್ರಂಥ ಸಂಗ್ರಹ ಮಾಡಿಸಿದರು. ಕಬೀರ, ರವಿದಾಸ, ಶೇಖ್ ಫರೀದರ ಪದಗಳನ್ನೂ ಸೇರಿಸಿದರು.

ಓಲೆಗರಿ:
ಒಪ್ಪಿದೆ. ಅಲ್ಲಿ ಸಂಪಾದಕರೇ ಗುರು.

ಎರಡು_ಬೈಬಲ್ ಅವರೇ, ಯೂದನ ಪತ್ರದ 14ನೇ ವಚನ ತೆಗೆದು ನೋಡಿ. ಹನೋಕನ ಮಾತು ಎತ್ತಿ ಹೇಳಿದ್ದಾನೆ. ಆಮೇಲೆ ಹನೋಕನ ಪುಸ್ತಕ ಹುಡುಕಿ. ಇಥಿಯೋಪಿಯಾದ ಆರ್ಥೊಡಾಕ್ಸ್ ಚರ್ಚಿನ ಬೈಬಲ್‌ನಲ್ಲಿ ಅದಿದೆ. ಅವರ ಲೆಕ್ಕ 81.

ಎರಡು_ಬೈಬಲ್:
ನೋಡಿದೆ. ಆ ವಚನ ಎರಡರಲ್ಲೂ ಇದೆ. ಪುಸ್ತಕ ಎರಡರಲ್ಲೂ ಇಲ್ಲ.