ಕ್ರೀಡಾ ಬರಹದಲ್ಲಿ ‘ಕಾನ್ಫರೆನ್ಸ್’ ಎಂಬುದಕ್ಕೆ ಯಾವ ಪದ?

ಮಾನ್ಯರೇ,

ಅಮೆರಿಕದ ಕಾಲೇಜು ಬ್ಯಾಸ್ಕೆಟ್‌ಬಾಲ್ ಕುರಿತ ಲೇಖನವೊಂದನ್ನು ಕನ್ನಡಕ್ಕೆ ತರುತ್ತಾ ‘ಕಾನ್ಫರೆನ್ಸ್ ಟೂರ್ನಮೆಂಟ್’ ಎಂಬಲ್ಲಿ ನಿಂತುಬಿಟ್ಟಿದ್ದೇನೆ. ಮೊದಲ ಕರಡಿನಲ್ಲಿ ‘ಸಮ್ಮೇಳನ ಪಂದ್ಯಾವಳಿ’ ಎಂದು ಬರೆದು ಅಮ್ಮನಿಗೆ ಓದಿ ಹೇಳಿದಾಗ, ‘ಈ ಸಲ ಸಮ್ಮೇಳನಾಧ್ಯಕ್ಷರು ಯಾರಂತೆ?’ ಎಂದು ಕೇಳಿದರು. ಆ ಪದವನ್ನು ಅಲ್ಲಿಗೇ ಹೊಡೆದುಹಾಕಿದೆ.

ಇಲ್ಲಿ ಕಾನ್ಫರೆನ್ಸ್ ಎಂದರೆ ಸಭೆಯಲ್ಲ, ವರ್ಷವರ್ಷವೂ ತಮ್ಮತಮ್ಮೊಳಗೆ ಆಡಲು ಒಡಂಬಟ್ಟ ವಿಶ್ವವಿದ್ಯಾಲಯಗಳ ಕಾಯಂ ಕೂಟ. ಚಳಿಗಾಲದುದ್ದಕ್ಕೂ ಲೀಗ್ ಪಂದ್ಯಗಳನ್ನಾಡುವ ಈ ತಂಡಗಳು ಮಾರ್ಚ್ ತಿಂಗಳಲ್ಲಿ, ಸೋತವರು ಅಂದೇ ಹೊರಬೀಳುವ ಪಂದ್ಯಾವಳಿಯೊಂದರಲ್ಲಿ ಸೆಣಸುತ್ತವೆ. ಗೆದ್ದ ತಂಡಕ್ಕೆ, ಅಲ್ಲಿನ ಕಾಲೇಜು ಕ್ರೀಡೆಗಳ ರಾಷ್ಟ್ರೀಯ ಸಂಸ್ಥೆಯಾದ ಎನ್‌ಸಿಎಎ ನಡೆಸುವ ರಾಷ್ಟ್ರೀಯ ಪಂದ್ಯಾವಳಿಗೆ ನೇರ ಪ್ರವೇಶ ದೊರೆಯುತ್ತದೆ.

ನಮ್ಮಲ್ಲಿ ‘ದಕ್ಷಿಣ ವಲಯ ಅಂತರ ವಿಶ್ವವಿದ್ಯಾಲಯ ಪಂದ್ಯಾವಳಿ’ ಎಂಬ ಮಾತು ರೂಢಿಯಲ್ಲಿರುವುದರಿಂದ ‘ವಲಯ’ ಸಾಕೆಂದು ಮಿತ್ರರೊಬ್ಬರು ಸೂಚಿಸಿದರು. ನನಗದು ಒಪ್ಪಿಗೆಯಾಗಲಿಲ್ಲ. ವಲಯವೆಂಬುದು ಭೂಪಟದ ಮೇಲೆ ಎಳೆದ ಗೆರೆ. ಕಾನ್ಫರೆನ್ಸಿಗಾದರೋ ಸದಸ್ಯರು ತಾವಾಗಿ ಸೇರುತ್ತಾರೆ, ಬೇಡವಾದರೆ ಬಿಡುತ್ತಾರೆ. 1953ರಲ್ಲಿ ಹುಟ್ಟಿದ ಅಟ್ಲಾಂಟಿಕ್ ಕೋಸ್ಟ್ ಕಾನ್ಫರೆನ್ಸಿನ ಸ್ಥಾಪಕರಲ್ಲೊಂದಾದ ಮೇರಿಲ್ಯಾಂಡ್ ವಿಶ್ವವಿದ್ಯಾಲಯ 2014ರಲ್ಲಿ ಅದನ್ನು ತೊರೆದು ಬಿಗ್ ಟೆನ್ ಎಂಬ ಇನ್ನೊಂದು ಕಾನ್ಫರೆನ್ಸ್ ಸೇರಿತು. 2024ರಲ್ಲಿ ಪೆಸಿಫಿಕ್ ಕಡೆಯ ಸ್ಟ್ಯಾನ್‌ಫರ್ಡ್ ಬಂದು ಅಟ್ಲಾಂಟಿಕ್ ತೀರದ ಈ ಕೂಟಕ್ಕೆ ಸೇರಿಕೊಂಡಿತು. (ಬಿಗ್ ಟೆನ್‌ನಲ್ಲಿ ಈಗ ಹದಿನೆಂಟು ಸದಸ್ಯರಿದ್ದಾರೆ, ಹೆಸರಿನ ಲೆಕ್ಕ ಕೇಳುವವರಿಲ್ಲ.)

ಮೇಲೆ ನಾನೇ ಬಳಸಿದ ‘ಕೂಟ’ವೂ ತೊಡಕಿನದೇ. ‘ಕ್ರೀಡಾಕೂಟ’ವೆಂದರೆ ನಾಲ್ಕು ದಿನ ನಡೆದು ಮುಗಿಯುವ ಸ್ಪರ್ಧೆ, ಹಾಗಾಗಿ ‘ಕೂಟದ ಪಂದ್ಯಾವಳಿ’ ಎಂದರೆ ಒಂದನ್ನೇ ಎರಡು ಸಲ ಹೇಳಿದಂತೆ ಕೇಳುತ್ತದೆ. ಉಳಿದದ್ದು ‘ಒಕ್ಕೂಟ’. ಹಾಲು ಒಕ್ಕೂಟದಲ್ಲಿರುವಂತೆ ಸಮಾನರು ಸೇರಿ ಕಟ್ಟಿಕೊಂಡದ್ದೆಂಬ ಭಾವ ಅದರಲ್ಲಿದೆ. ಆಟವನ್ನೇ ಆಳುವ ಫೆಡರೇಷನ್ನಿಗೂ ಪತ್ರಿಕೆಗಳು ಅದನ್ನೇ ಬಳಸುತ್ತವೆಯಾದರೂ ‘ವಿಶ್ವವಿದ್ಯಾಲಯಗಳ ಒಕ್ಕೂಟ’ ಎಂದು ಒಮ್ಮೆ ಬಿಡಿಸಿ ಬರೆದರೆ ಗೊಂದಲವಿರದೆಂಬುದು ನನ್ನ ಅನಿಸಿಕೆ.

ಇದಕ್ಕಿಂತ ಬಿಗಿಯಾದ ಗಂಟು ‘ಚಾಂಪಿಯನ್’ ಎಂಬುದು. ಲೀಗಿನಲ್ಲಿ ಮೊದಲಿಗರಾದವರನ್ನೂ ಪಂದ್ಯಾವಳಿ ಗೆದ್ದವರನ್ನೂ ಅಲ್ಲಿ ಚಾಂಪಿಯನ್ ಎನ್ನುವುದುಂಟು. ಅಟ್ಲಾಂಟಿಕ್ ಕೋಸ್ಟ್ ಕಾನ್ಫರೆನ್ಸಿನ ನಿಯಮದಂತೆ ಮಾತ್ರ ಪಂದ್ಯಾವಳಿ ಗೆದ್ದವರಷ್ಟೇ ಅಧಿಕೃತ ಚಾಂಪಿಯನ್. 1974ರಲ್ಲಿ ಗ್ರೀನ್ಸ್‌ಬರೋದಲ್ಲಿ ನಡೆದ ಫೈನಲ್ಲಿನಲ್ಲಿ ನಾರ್ತ್ ಕ್ಯಾರೊಲಿನಾ ಸ್ಟೇಟ್ ತಂಡವು ಹೆಚ್ಚುವರಿ ಅವಧಿಯಲ್ಲಿ ಮೇರಿಲ್ಯಾಂಡನ್ನು 103–100ರಿಂದ ಮಣಿಸಿತು. ಒಂದು ಕಾನ್ಫರೆನ್ಸಿನಿಂದ ಒಂದೇ ತಂಡಕ್ಕೆ ಎನ್‌ಸಿಎಎ ಪ್ರವೇಶವಿದ್ದ ಕಾಲವದು. ದೇಶದ ಅತ್ಯುತ್ತಮ ತಂಡಗಳಲ್ಲೊಂದಾದ ಮೇರಿಲ್ಯಾಂಡ್ ಆ ಮೂರು ಅಂಕಗಳಿಂದಾಗಿ ಹೊರಗುಳಿಯಿತು. ಮರುವರ್ಷವೇ ನಿಯಮ ಸಡಿಲವಾಯಿತು.

ಈ ವ್ಯತ್ಯಾಸ ಕಾಣುವಂತೆ ಲೀಗಿನ ಮೊದಲಿಗರನ್ನು ‘ಅಗ್ರಸ್ಥಾನಿ’ ಎಂದೂ ಪಂದ್ಯಾವಳಿಯ ವಿಜೇತರನ್ನು ‘ಒಕ್ಕೂಟದ ಚಾಂಪಿಯನ್’ ಎಂದೂ ಬರೆಯಬಹುದೇ? ‘ಅಗ್ರಸ್ಥಾನಿ’ ತುಸು ಕೃತಕವೆನಿಸಿದರೆ ಬಳಕೆಯಲ್ಲಿರುವ ಬೇರೆ ಪದವಿದೆಯೇ? ಬಲ್ಲವರು ತಿಳಿಸಬೇಕಾಗಿ ಕೋರುತ್ತೇನೆ.